ಎರಡು ಎಂಟು, ಮೇಲೊಬ್ಬ ರಾಜ

ಮೊದಲು ಪೋಕರ್ ಆಟದಲ್ಲಿ ಮೂವತ್ತು ಡಾಲರ್ ಕಳೆದುಕೊಂಡ ಕಥೆ ಹೇಳಿಬಿಡುತ್ತೇನೆ. ದೊಡ್ಡ ಮೊತ್ತವೇನಲ್ಲ, ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇಬ್ಬರು ದೋಸೆ ತಿಂದು ಕಾಫಿ ಕುಡಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆದರೆ ಈ ಮೂವತ್ತನ್ನು ನಾನು ಒಂದು ಸಲ ಕಳೆದುಕೊಂಡವನಲ್ಲ. ವರ್ಷಗಟ್ಟಲೆ, ಅದೇ ರೀತಿ, ಅದೇ ತಪ್ಪು ಮಾಡಿ ಕಳೆದುಕೊಂಡೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಸ್ಯಾನ್ ಹೋಸೆಯಲ್ಲಿ ಎರಡು ಕಾರ್ಡ್ ರೂಮುಗಳಿವೆ, ಅಂದರೆ ದುಡ್ಡಿಟ್ಟು ಇಸ್ಪೀಟ್ ಆಡುವ ಜಾಗಗಳು. ಶುಕ್ರವಾರ ಆಫೀಸು ಮುಗಿಸಿ ಅದರಲ್ಲೊಂದಕ್ಕೆ ಹೋಗಿ ಕೂರುವುದು ನನ್ನ ಹಳೇ ಚಟ. ಟಿವಿಯಲ್ಲಿ ತೋರಿಸುತ್ತಾರಲ್ಲ, ಇದ್ದ ಚಿಪ್ಸೆಲ್ಲ ಮುಂದಕ್ಕೆ ತಳ್ಳುವ ಆಟ, ಅದಲ್ಲ. ನಾನು ಆಡುವುದು ಲಿಮಿಟ್ ಹೋಲ್ಡೆಮ್ ಅನ್ನುವ ಪೋಕರ್, 6-12. ಕೈಗೆ ಎರಡು ಎಲೆ ಕೊಡುತ್ತಾರೆ. ಆಮೇಲೆ ಟೇಬಲ್ ಮಧ್ಯೆ ಮೂರು ಎಲೆ ಬಿಚ್ಚುತ್ತಾರೆ, ಅದು ಫ್ಲಾಪ್. ನಂತರ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಕೈಯ ಎರಡು, ಟೇಬಲ್ಲಿನ ಐದು ಸೇರಿಸಿ ಯಾರ ಐದು ಎಲೆ ದೊಡ್ಡದೋ ಅವರದು ಆಟ. ಎಲೆ ಬಂದ ಪ್ರತಿ ಸಲವೂ ಒಂದು ಸುತ್ತು ಬೆಟ್. ಮೊದಲ ಎರಡು ಸುತ್ತಿನಲ್ಲಿ ಬೆಟ್ ಅಂದರೆ 6 ಡಾಲರ್, ಕೊನೆಯ ಎರಡರಲ್ಲಿ 12. ಏಳು ಹಾಕುವಂತಿಲ್ಲ, ಐವತ್ತು ಹಾಕುವಂತಿಲ್ಲ. ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದು ಬೆಟ್, ಮೂರು ರೈಸ್ (ಬೆಟ್ ಏರಿಸುವುದು), ಅಲ್ಲಿಗೆ ಮುಗಿಯಿತು.

2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 25 ಲಕ್ಷ ಡಾಲರ್ ಗೆದ್ದ. ಅಲ್ಲಿಂದ ಎಲ್ಲರಿಗೂ ನೋ-ಲಿಮಿಟ್ ಹುಚ್ಚು, ಅದೇ ಚಿಪ್ಸೆಲ್ಲ ಮುಂದಕ್ಕೆ ತಳ್ಳುವ ಟಿವಿ ಆಟ. ಲಿಮಿಟ್ ಆಟ ನಿಧಾನವಾಗಿ ಮುದುಕರ ಆಟವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಉಸಿರಾಡುತ್ತಿದೆ. ನನ್ನ ಟೇಬಲ್ಲಿನಲ್ಲಿ ವಿಯೆಟ್ನಾಂ ಮೂಲದ ಹಿರಿಯರು ಜಾಸ್ತಿ. ಆಮೇಲೆ ಫಿಲಿಪಿನೋಗಳು, ನಮ್ಮಂಥ ಸಾಫ್ಟ್‌ವೇರ್ ಮಂದಿ, ರಿಟೈರಾದ ಒಂದಿಬ್ಬರು ಮೇಷ್ಟ್ರು.

ಅವತ್ತು ನನಗೆ ಬಂದದ್ದು ಆಟಿನ್ ಎಂಟು, ಕ್ಲಾವರ್ ಎಂಟು. ನನ್ನ ಸರದಿ ಕೊನೆಗಿತ್ತು. ನನಗಿಂತ ಮುಂಚಿನ ಇಬ್ಬರು ಕಾಲ್ ಮಾಡಿದ್ದರು, ಅಂದರೆ ಬೆಟ್ಟಿನಷ್ಟೇ ದುಡ್ಡು ಹಾಕಿದ್ದರು, ನಾನೂ ಮಾಡಿದೆ, ಬ್ಲೈಂಡ್ ಇಬ್ಬರೂ (ಎಲೆ ನೋಡುವ ಮುಂಚೆಯೇ ಒಬ್ಬ ಸಣ್ಣ, ಇನ್ನೊಬ್ಬ ದೊಡ್ಡ ಮೊತ್ತ ಹಾಕಬೇಕಾದವರು) ಉಳಿದರು. ಐದು ಜನ, ತಲಾ ಆರು, ಪಾಟಿನಲ್ಲಿ, ಅಂದರೆ ಗೆದ್ದವರಿಗೆ ಸಿಗುವ ಮಧ್ಯದ ರಾಶಿಯಲ್ಲಿ, 30. ಫ್ಲಾಪ್ ಬಿಚ್ಚಿತು. ಇಸ್ಪೀಟ್ ರಾಜ, ಡೈಮನ್ ಒಂಬತ್ತು, ಇಸ್ಪೀಟ್ ನಾಲ್ಕು.

ಬಿಗ್ ಬ್ಲೈಂಡ್‌ನಲ್ಲಿ ಕೂತಿದ್ದ ಅಜ್ಜ ಬೆಟ್ ಮಾಡಿದರು. ಅವರು ಚಿಪ್ಸ್ ಇಡುವ ರೀತಿಯೇ ಬೇರೆ. ಆರು ಚಿಪ್ಪನ್ನು ಎರಡು ಬೆರಳಲ್ಲಿ ಒಟ್ಟಿಗೆ ಎತ್ತಿ, ಸದ್ದಾಗದ ಹಾಗೆ ಇಟ್ಟು, ಬೆರಳು ತೆಗೆಯುವ ಮುಂಚೆ ಒಮ್ಮೆ ಒತ್ತುತ್ತಾರೆ. ಅಂಟಿಸಿದ ಹಾಗೆ. ಮುಂದಿನವನು ಕಾಲ್ ಮಾಡಿದ. ಅವನ ಪಕ್ಕದವನು ಎಲೆ ಎಸೆದ. ಈಗ ನನ್ನ ಸರದಿ. ನಾನು ಕಾಲ್ ಮಾಡಿದೆ, ಆರು. ಟರ್ನ್ ಎರಡು. ಅಜ್ಜ ಹನ್ನೆರಡು, ಇನ್ನೊಬ್ಬ ಹನ್ನೆರಡು, ನಾನೂ ಹನ್ನೆರಡು. ರಿವರ್ ಗುಲಾಮ. ಅಜ್ಜ ಮತ್ತೆ ಹನ್ನೆರಡು. ಇನ್ನೊಬ್ಬ ಬಿಟ್ಟುಹೋದ. ನಾನು ಹನ್ನೆರಡು ಕೊಟ್ಟು ನೋಡಿದೆ. ರಾಜ, ಏಳು. ರಾಜರ ಜೋಡಿ.

ಆರು, ಹನ್ನೆರಡು, ಹನ್ನೆರಡು. ಮೂವತ್ತು.

ಯಾಕೆ ಕೊಟ್ಟೆ? ಈಗ ಕೇಳಿದರೆ ಉತ್ತರ ಸುಲಭ. ಕೈಯಲ್ಲಿ ಜೋಡಿ ಇತ್ತು, ಅದಕ್ಕೆ. ಎಕ್ಕ ರಾಜ ಹಿಡಿದುಕೊಂಡಾಗ ಫ್ಲಾಪಿನಲ್ಲಿ ಏನೂ ಸಿಗದಿದ್ದರೆ ಬಿಡುವುದು ಕಷ್ಟವೇ ಅಲ್ಲ. ಅದು ಇನ್ನೂ ಏನೂ ಆಗಿರಲಿಲ್ಲ, ಏನೂ ಆಗಲೂ ಇಲ್ಲ. ಆದರೆ ಎಂಟರ ಜೋಡಿ ಹಾಗಲ್ಲ. ಕೈಗೆ ಬಂದಾಗಲೇ ಅದು ಆಗಿಬಿಟ್ಟಿದೆ. ಹದಿನೇಳು ಸಲಕ್ಕೊಮ್ಮೆ ಮಾತ್ರ ಬರುವ ಜೋಡಿ. ಕಟ್ಟಿದ ಮನೆ ಇದ್ದಂತೆ. ಕಟ್ಟಿದ ಮನೆಯನ್ನು ಯಾರಾದರೂ ಬಿಟ್ಟು ಹೋಗುತ್ತಾರಾ?

ತೊಂದರೆ ಏನೆಂದರೆ, ಆ ಮನೆಗೆ ಮೇಲಂತಸ್ತು ಏಳುವುದಿಲ್ಲ. ಉಳಿದ 47 ಎಲೆಗಳಲ್ಲಿ ನನಗೆ ಬೇಕಾದ ಎಂಟು ಎರಡೇ. ಅಂದರೆ ಟರ್ನ್‌ನಲ್ಲಿ 45 ಸಲ ಬರುವುದಿಲ್ಲ, 2 ಸಲ ಬರುತ್ತದೆ. ಇಷ್ಟು ಕಡಿಮೆ ಸಾಧ್ಯತೆಗೆ ಆರು ಡಾಲರ್ ಕೊಡಬೇಕಾದರೆ ಪಾಟಿನಲ್ಲಿ 135 ಡಾಲರ್ ಇರಬೇಕು. ಇದ್ದದ್ದು 42. ಎಂಟು ಬಂದ ಮೇಲೆ ಇನ್ನೊಂದಿಷ್ಟು ಗೆಲ್ಲಬಹುದು, ಸರಿ. ಆದರೆ ಉಳಿದ ಎರಡು ಸುತ್ತಿನಲ್ಲಿ ಇನ್ನೂ 93 ಡಾಲರ್ ಎಲ್ಲಿಂದ ಬರಬೇಕು? ಬೆಟ್ಟೇ ಹನ್ನೆರಡು. ಅದೂ ಅಲ್ಲದೆ ನನಗೆ ಬೇಕಾದ ಎರಡು ಎಂಟರಲ್ಲಿ ಒಂದು ಇಸ್ಪೀಟ್ ಎಂಟು. ಅದು ಬಂದರೆ ಟೇಬಲ್ ಮೇಲೆ ಮೂರು ಇಸ್ಪೀಟಾಗುತ್ತದೆ, ಕೈಯಲ್ಲಿ ಎರಡು ಇಸ್ಪೀಟ್ ಇದ್ದವನಿಗೆ ಐದಾಗಿ ನನ್ನ ಮೂರು ಎಂಟನ್ನೂ ಮೀರುತ್ತದೆ. ನನ್ನ ಹಬ್ಬದ ದಿನವೇ ಬೇರೆಯವರಿಗೂ ಹಬ್ಬ ಆಗಬಹುದು.

ಇನ್ನು 42ರಲ್ಲೂ ಪೂರ್ತಿ ನಮ್ಮದಲ್ಲ. ರೂಮಿನವರು ತಮ್ಮ ಪಾಲು ತೆಗೆದಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ತೆಗೆಯುವಂತಿಲ್ಲ. ಒಂದು ಆಟಕ್ಕೆ ಇಷ್ಟು ಅಂತ ಮೊದಲೇ ಗೊತ್ತುಮಾಡಿರಬೇಕು. ಅದಕ್ಕೆ ಡ್ರಾಪ್ ಅನ್ನುತ್ತಾರೆ. ಸಣ್ಣ ಆಟದಲ್ಲಿ ಇದರ ಪೆಟ್ಟು ಜಾಸ್ತಿ.

ಡ್ರಾಪ್ ಅಂದಾಗಲೆಲ್ಲ ನನಗೆ ನೆನಪಾಗುವುದು ಬೇರೆ ಡ್ರಾಪ್. ರಮ್ಮಿಯದು.

ನನ್ನ ಸೋದರಮಾವ ಮಂಡ್ಯದಿಂದ ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಓಡಾಡಿದವರು. ಚಾಮುಂಡಿ ಎಕ್ಸ್‌ಪ್ರೆಸ್, ಸೀಸನ್ ಪಾಸು. ಎದುರುಬದುರು ಸೀಟು, ಮಧ್ಯೆ ಮಂಡಿಗಳ ಮೇಲೊಂದು ಸೂಟ್‌ಕೇಸು, ಅದರ ಮೇಲೆ ನ್ಯೂಸ್‌ಪೇಪರು. ಹದಿಮೂರು ಎಲೆ ರಮ್ಮಿ. ರಜೆಯಲ್ಲಿ ಅವರ ಜೊತೆ ಹೋದಾಗ ನಾನು ಕಿಟಕಿ ಪಕ್ಕ ಕೂತು ಅವರ ಕೈ ನೋಡುತ್ತಿದ್ದೆ. ಮೊದಲೇ ಡ್ರಾಪ್ ಮಾಡಿದರೆ 20 ಪಾಯಿಂಟು. ಮಧ್ಯೆ ಬಿಟ್ಟರೆ 40. ಕೂತು ಸೋತರೆ 80ರವರೆಗೂ ಬೀಳುತ್ತದೆ. ಮಾವ ಎಲೆ ಜೋಡಿಸಿಕೊಂಡು, ಒಂದೇ ಸಲ ನೋಡಿ, "ಡ್ರಾಪು" ಅಂತ ಹೇಳಿ ಕಡ್ಲೆಕಾಯಿ ಸುಲಿಯಲು ಶುರು ಮಾಡುತ್ತಿದ್ದರು. ನನಗೆ ಅಳು ಬರುವ ಹಾಗಾಗುತ್ತಿತ್ತು. ಒಂದು ಸಲ ಕೈಯಲ್ಲಿ ಎರಡು ಜೋಕರ್ ಬೇರೆ ಇತ್ತು.

"ಮಾವ, ಚೆನ್ನಾಗಿತ್ತಲ್ಲಾ!" ಅಂದೆ.

"ಅದಕ್ಕೇ ಬುಟ್ಟೆ. ಏನೂ ಇಲ್ದಿರೋ ಕೈಯ ಯಾರು ಬೇಕಾದ್ರೂ ಬುಡ್ತಾರೆ. ಅರ್ಧಂಬರ್ಧ ಚೆನ್ನಾಗಿರದ ಬುಡಾದೇ ಕಷ್ಟ ಕಣ್ಲಾ" ಅಂದರು. ಎರಡು ಜೋಕರ್ ಇಟ್ಟುಕೊಂಡು ಡ್ರಾಪ್ ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಅನುಮಾನವಿದೆ. ಆದರೆ ಅರ್ಧಂಬರ್ಧ ಚೆನ್ನಾಗಿರುವ ಕೈ ಅಂದರೆ ಏಳರಿಂದ ಹತ್ತರವರೆಗಿನ ಜೋಡಿಗಳೇ. ಅದಕ್ಕಿಂತ ಒಳ್ಳೆ ಹೆಸರು ನನಗೆ ಸಿಕ್ಕಿಲ್ಲ.

ಲೆಕ್ಕ ಹಾಕಿ ನೋಡಿ. ಎಂಟರ ಜೋಡಿ ಹಿಡಿದಾಗ ಫ್ಲಾಪಿನಲ್ಲಿ ಮೂರನೇ ಎಂಟು ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಸಿಕ್ಕಿತೋ, ಯೋಚನೆಯೇ ಬೇಡ. ಬೆಟ್ ಮಾಡಿ, ರೈಸ್ ಮಾಡಿ, ಸುಮ್ನೆ ಬಚ್ಚಿಟ್ಟುಕೊಂಡು ಜಾಣತನ ತೋರಿಸಬೇಡಿ. ಲಿಮಿಟ್‌ನಲ್ಲಿ ಬೆಟ್ ಸಣ್ಣದು, ಜನ ಕಾಲ್ ಮಾಡಲೆಂದೇ ಬಂದಿರುತ್ತಾರೆ. ಈ ಭಾಗ ಇಷ್ಟೇ, ಬೇಗ ಮುಗಿಯಿತು.

ಉಳಿದ ಏಳೂವರೆ ಸಲದ್ದೇ ಗೋಳು. ಎಂಟರ ಜೋಡಿಗೆ ನೂರಕ್ಕೆ ಸುಮಾರು 87 ಸಲ ಫ್ಲಾಪಿನಲ್ಲಿ ಒಂದಾದರೂ ದೊಡ್ಡ ಎಲೆ ಬಂದು ಕೂರುತ್ತದೆ. ಏಳರ ಜೋಡಿಗೆ 92. ಒಂಬತ್ತಕ್ಕೆ 79. ಹತ್ತರ ಜೋಡಿ ಎಷ್ಟು ಚೆಂದ ಕಂಡರೂ ಅದಕ್ಕೂ ಸುಮಾರು 70. ಹಾಗಾಗಿ ಮೇಲೊಬ್ಬ ರಾಜನೋ ರಾಣಿಯೋ ಬಂದು ಕೂತರೆ ದುರದೃಷ್ಟ ಅಂತ ಮುಖ ಸಿಂಡರಿಸುವುದರಲ್ಲಿ ಅರ್ಥವಿಲ್ಲ. ಅದೇ ಮಾಮೂಲು.

ಆ ರಾಜ ಯಾರ ಕೈ ಸೇರಿದ್ದಾನೆ ಅನ್ನುವುದೇ ಪ್ರಶ್ನೆ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವ ಎರಡು ಎಲೆ ಬೇಕಾದರೂ ಇರಬಹುದು ಅಂತಿಟ್ಟುಕೊಳ್ಳಿ. ಅವನ ಹತ್ತಿರ ರಾಜ ಇರುವ ಸಾಧ್ಯತೆ ನೂರಕ್ಕೆ ಹನ್ನೆರಡೂವರೆ ಅಷ್ಟೇ. ನಾಲ್ಕು ಜನ ಇದ್ದರೆ, ಅವರಲ್ಲಿ ಯಾರಾದರೊಬ್ಬರ ಹತ್ತಿರ ಇರುವ ಸಾಧ್ಯತೆ ಸುಮಾರು 44. ಇದು ಬರೀ ಎಲೆಗಳ ಲೆಕ್ಕ. ಮನುಷ್ಯರ ಲೆಕ್ಕ ಸೇರಿಸಿದರೆ ಇನ್ನೂ ಏರುತ್ತದೆ, ಯಾಕೆಂದರೆ ಒಂದು ಮೂರು, ಒಂದು ಏಳು ಬಂದರೆ ಎಸೆಯುವವರು ರಾಜನನ್ನು ಎಸೆಯುವುದಿಲ್ಲ. ನನ್ನ ಟೇಬಲ್ಲಿನಲ್ಲಂತೂ ರಾಜನ ಜೊತೆ ಯಾವ ಕೂಸು ಬಂದರೂ ಸಾಕುತ್ತಾರೆ. ಅದರ ಮೇಲೆ ಒಬ್ಬ ಬೆಟ್ ಮಾಡಿ, ಇನ್ನೊಬ್ಬ ಕಾಲ್ ಮಾಡಿ, ನಾನು ಮೂರನೆಯವನಾಗಿ ಯೋಚಿಸುತ್ತಾ ಕೂತಿದ್ದೇನೆ ಅಂದರೆ, ಯೋಚಿಸಲು ಏನೂ ಉಳಿದಿಲ್ಲ ಅಂತಲೇ ಅರ್ಥ.

ಇಷ್ಟು ತಲೆಗೆ ಹೋಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಹೋದ ಮೇಲೆ ಇನ್ನೊಂದು ರೋಗ ಶುರುವಾಯಿತು.

ಬಿಸಿ ಹಾಲು ಕುಡಿದ ತೆನಾಲಿ ರಾಮನ ಬೆಕ್ಕಿನ ಹಾಗೆ, ಮೇಲೊಂದು ದೊಡ್ಡ ಎಲೆ ಕಂಡರೆ ಸಾಕು, ಓಡಲು ಶುರು ಮಾಡಿದೆ. ಎಷ್ಟು ಜನ ಇದ್ದಾರೆ, ಪಾಟ್ ಎಷ್ಟಿದೆ, ಒಂದೂ ನೋಡದೆ. ಬುದ್ಧಿ ಬಂತು ಅಂತ ನನ್ನಷ್ಟಕ್ಕೇ ಹೆಮ್ಮೆ ಬೇರೆ.

ಒಂದು ರಾತ್ರಿ ಮತ್ತೆ ಎಂಟರ ಜೋಡಿ. ಈ ಸಲ ಎಲ್ಲರೂ ಬಿಟ್ಟಿದ್ದರು, ನಾನು ರೈಸ್ ಮಾಡಿದೆ, ಬಿಗ್ ಬ್ಲೈಂಡ್‌ನಲ್ಲಿದ್ದ ಹುಡುಗ ಮಾತ್ರ ಉಳಿದ. ಕಿವಿಗೆ ಹೆಡ್‌ಫೋನು, ಬಾಯಲ್ಲಿ ಚೂಯಿಂಗ್ ಗಮ್ಮು. ನನ್ನ ಹನ್ನೆರಡು, ಅವನ ಹನ್ನೆರಡು, ಸ್ಮಾಲ್ ಬ್ಲೈಂಡ್ ಬಿಟ್ಟುಹೋದ ಮೂರು, ಒಟ್ಟು 27. ಫ್ಲಾಪ್ ರಾಣಿ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿ. ಹುಡುಗ ಚೆಕ್ ಅಂದ, ಅಂದರೆ ದುಡ್ಡು ಹಾಕದೆ ಸರದಿ ದಾಟಿಸಿದ. ನಾನು ಆರು ಹಾಕಿದೆ. ಅವನು ಹನ್ನೆರಡು ಮಾಡಿದ.

ನಾನು ಎಲೆ ಎಸೆದೆ. ರಾಣಿ ಇದ್ದಾಳೆ, ಇನ್ಯಾಕೆ ಅಂತ. ಹುಡುಗ ನಗುತ್ತಾ ತನ್ನ ಎಲೆ ಬಿಚ್ಚಿ ತೋರಿಸಿದ. ಏಳು, ಆರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ಎಸೆದಾಗ ಪಾಟಿನಲ್ಲಿ 45 ಇತ್ತು. ಕೊನೇವರೆಗೂ ಸುಮ್ಮನೆ ಕಾಲ್ ಮಾಡುತ್ತಾ ಹೋಗಿದ್ದರೆ ನನಗೆ ಬೀಳುತ್ತಿದ್ದುದು 6, 12, 12, ಅದೇ ಮೂವತ್ತು. ಅವನು ಎರಡು ಸುತ್ತಿನಲ್ಲೂ ಬೆಟ್ ಮಾಡಿದರೆ ಅವನ 24 ಸೇರಿ ನನಗೆ ಸಿಗುತ್ತಿದ್ದುದು 69. ಮೂವತ್ತು ಕೊಟ್ಟು ಅರವತ್ತೊಂಬತ್ತಕ್ಕೆ ಕೈ ಹಾಕುವುದು. ಹತ್ತರಲ್ಲಿ ಮೂರು ಸಲಕ್ಕಿಂತ ಒಂದು ಚೂರು ಜಾಸ್ತಿ ಗೆದ್ದರೂ ನಷ್ಟವಿಲ್ಲ. ಒಬ್ಬನೇ ಎದುರಾಳಿ, ಅದೂ ಸುಳ್ಳು ಹೇಳಲು ಇಷ್ಟವಿರುವ ವಯಸ್ಸು. ಅವನ ಹತ್ತಿರ ರಾಣಿಯೇ ಇರಬೇಕು ಅಂತೇನಿತ್ತು?

ಅದೇ ಎಂಟರ ಜೋಡಿ, ಅದೇ ಮೂವತ್ತು. ಮೊದಲನೇ ಸಲ ಆ ಮೂವತ್ತು ಕೊಟ್ಟಿದ್ದು ತಪ್ಪು. ಎರಡನೇ ಸಲ ಕೊಡದೇ ಇದ್ದದ್ದು ತಪ್ಪು. ಇದನ್ನು ನೋಟ್‌ಪುಸ್ತಕದಲ್ಲಿ ಪಕ್ಕಪಕ್ಕ ಬರೆದಿಟ್ಟಾಗ ಒಂದು ವಿಷಯ ಕಂಡಿತು. ನಾನು ಇಷ್ಟು ವರ್ಷ ನನ್ನ ಎರಡು ಎಲೆಗಳನ್ನೇ ನೋಡುತ್ತಿದ್ದೆ. ಎಂಟು ಒಳ್ಳೇದಾ, ಕೆಟ್ಟದ್ದಾ ಅಂತ. ಎಂಟಿಗೆ ತನ್ನದೇ ಆದ ಬೆಲೆ ಇಲ್ಲ. ಎದುರಿಗೆ ಎಷ್ಟು ಜನ, ಪಾಟಿನಲ್ಲಿ ಎಷ್ಟು ದುಡ್ಡು, ಬೆಟ್ ಮಾಡಿದವನು ಎಂಥವನು, ಇವು ಮೂರೂ ಸೇರಿ ಅದಕ್ಕೆ ಬೆಲೆ ಕಟ್ಟುತ್ತವೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಒಂದೇ ಮೊಳ ಮಲ್ಲಿಗೆಗೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ಬೆಲೆ, ಹಬ್ಬದ ಮರುದಿನ ಒಂದು ಬೆಲೆ ಇರುತ್ತದಲ್ಲ, ಹಾಗೆ.

ಇನ್ನೊಂದು ಸಂದರ್ಭವಿದೆ. ಅದು ಅಪರೂಪ, ಆದರೆ ನನಗೆ ತುಂಬಾ ಇಷ್ಟ. ಫ್ಲಾಪಿನ ಮೂರೂ ಎಲೆ ನಮ್ಮ ಜೋಡಿಗಿಂತ ಚಿಕ್ಕವು. ಏಳು, ಐದು, ಎರಡು ಅಂತಿಟ್ಟುಕೊಳ್ಳಿ. ಆರು ಜನ ಇದ್ದಾರೆ. ಈಗ ನನ್ನ ಎಂಟರ ಜೋಡಿಯೇ ಬಹುಶಃ ಎಲ್ಲರಿಗಿಂತ ಮುಂದೆ. ಖುಷಿ ಪಡುವ ಮುಂಚೆ ಇನ್ನೊಂದು ಲೆಕ್ಕ: ಕಾಣದ 47 ಎಲೆಗಳಲ್ಲಿ ಎಂಟಕ್ಕಿಂತ ದೊಡ್ಡವು 24. ಟರ್ನ್‌ನಲ್ಲಿ ಅವುಗಳಲ್ಲೊಂದು ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಸಂತೆಯಲ್ಲಿ ಮಂಡಿ ಮೇಲೆ ಮಗು ಮಲಗಿಸಿಕೊಂಡ ಹಾಗಿರುತ್ತದೆ, ಯಾವ ಸದ್ದಿಗೆ ಎದ್ದುಬಿಡುತ್ತದೋ.

ನೋ-ಲಿಮಿಟ್ ಆಗಿದ್ದರೆ ಪಾಟಿನಷ್ಟೇ ದುಡ್ಡು ಒಂದೇ ಸಲ ಹಾಕಿ ಎಲ್ಲರನ್ನೂ ಓಡಿಸಬಹುದಿತ್ತು. ಇಲ್ಲಿ ಕೈಯಲ್ಲಿರುವುದು ಆರು ಡಾಲರಿನ ಕೋಲು. ಪಾಟಿನಲ್ಲಿ 36 ಇದೆ, ನಾನು 6 ಹಾಕಿದೆ. ಮುಂದಿನವನಿಗೆ 42 ಗೆಲ್ಲಲು 6 ಸಾಕು. ಅವನ ಪಕ್ಕದವನಿಗೆ ಇನ್ನೂ ಅಗ್ಗ. ಎಕ್ಕ-ಗುಲಾಮ ಹಿಡಿದವನು ಯಾಕೆ ಬಿಡುತ್ತಾನೆ? ಬಿಡಬಾರದು ಕೂಡ.

ಆದ್ದರಿಂದ ಲಿಮಿಟ್ ಆಡುವವರಿಗೆ ದುಡ್ಡಿಗಿಂತ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ಮುಖ್ಯ. ನನಗಿಂತ ಸ್ವಲ್ಪ ಮುಂಚಿನವನು ಬೆಟ್ ಮಾಡಿದರೆ ನಾನು ತಕ್ಷಣ ರೈಸ್ ಮಾಡುತ್ತೇನೆ. ಆಗ ನನ್ನ ಹಿಂದಿರುವವರೆಲ್ಲ ಆರಲ್ಲ, ಹನ್ನೆರಡು ಕೊಡಬೇಕು. ಒಂದಿಬ್ಬರಾದರೂ ಹೋಗುತ್ತಾರೆ. ಬೆಟ್ ಮಾಡುವ ಚಟದವನು ಕೊನೆಯಲ್ಲಿ ಕೂತಿದ್ದರೆ ನಾನು ಚೆಕ್ ಮಾಡಿ ಕಾಯುತ್ತೇನೆ. ಅವನು ಬೆಟ್ ಮಾಡಲಿ, ಆಮೇಲೆ ನಾನು ರೈಸ್ ಮಾಡಿದರೆ ನಮ್ಮಿಬ್ಬರ ಮಧ್ಯೆ ಸಿಕ್ಕವರು ಎರಡೆರಡು ಬೆಟ್ ಕೊಡಬೇಕು. ಕೆಲವೊಮ್ಮೆ ಟರ್ನ್‌ವರೆಗೂ ಕಾಯುವುದು ಒಳ್ಳೇದು. ಅಲ್ಲಿ ಬೆಟ್ ದುಪ್ಪಟ್ಟು, ಕೋಲು ಸ್ವಲ್ಪ ದಪ್ಪ. ಅಷ್ಟರಲ್ಲಿ ರಾಣಿ ಬಂದು ಕೂತರೆ ರೈಸ್ ಮಾಡದೆ ಉಳಿಸಿದ ದುಡ್ಡು ಲಾಭ. ಈ ಕಾಯುವಿಕೆಯಲ್ಲಿ ನಾನು ಇನ್ನೂ ಅರ್ಧ ಸಲ ಎಡವುತ್ತೇನೆ. ಚೆಕ್ ಮಾಡಿ ಕೂತರೆ ಎಲ್ಲರೂ ಚೆಕ್ ಮಾಡಿಬಿಡುತ್ತಾರೆ, ಪುಕ್ಕಟೆಯಾಗಿ ಎಕ್ಕ ಬರುತ್ತದೆ, ಆಮೇಲೆ ಹಣೆ ಚಚ್ಚಿಕೊಳ್ಳುವುದು.

ಈ ಆಟವನ್ನು ಕಂಪ್ಯೂಟರ್ ಬಿಡಿಸಿಯಾಗಿದೆ ಅಂತ ಆಫೀಸಿನ ಗೆಳೆಯರು ಕಾಲೆಳೆಯುತ್ತಾರೆ. ಸುಳ್ಳಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು 2015ರಲ್ಲಿ ಸೀಫಿಯಸ್ ಅನ್ನುವ ಪ್ರೋಗ್ರಾಂ ಹೊರತಂದರು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್‌ನಲ್ಲಿ, ಮನುಷ್ಯ ಒಂದು ಜನ್ಮ ಪೂರ್ತಿ ಆಡಿದರೂ ಅದನ್ನು ಸೋಲಿಸಿದೆ ಅಂತ ಖಾತ್ರಿಯಾಗಿ ಹೇಳಲಾಗದಷ್ಟು ಅದು ಚೆನ್ನಾಗಿ ಆಡುತ್ತದೆ. ಆದರೆ ಇಬ್ಬರೇ ಅನ್ನುವುದನ್ನು ಗಮನಿಸಿ. ನನ್ನ ಟೇಬಲ್ಲಿನಲ್ಲಿ ಒಂಬತ್ತು ಜನ, ಅದರಲ್ಲಿ ಮೂವರು ನೂಡಲ್ಸ್ ತಿನ್ನುತ್ತಿರುತ್ತಾರೆ, ಒಬ್ಬರು ಬಾಸ್ಕೆಟ್‌ಬಾಲ್ ನೋಡುತ್ತಾ ಎಲೆ ನೋಡದೆ ಕಾಲ್ ಮಾಡುತ್ತಾರೆ. ಅದನ್ನು ಸೀಫಿಯಸ್ ಬಿಡಿಸಿಲ್ಲ.

ಊರಲ್ಲಿರುವ ಓದುಗರಿಗೆ ಒಂದು ಮಾತು. ಇದನ್ನು ಓದಿ ಮೊಬೈಲಿನಲ್ಲಿ ಆಪ್ ಹುಡುಕಲು ಹೋಗಬೇಡಿ. ಆನ್‌ಲೈನಿನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಯುಗಾದಿಗೆ ನಮ್ಮ ಕಡೆ ಹೊಂಗೆ ಮರದ ಕೆಳಗೆ ಕಂಬಳಿ ಹಾಸಿ ಏನೇನು ನಡೆಯುತ್ತದೆ ಅನ್ನುವುದು ಬೇರೆ ವಿಷಯ, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಎರಡು ವಾರದ ಹಿಂದೆ ಮತ್ತೆ ಎಂಟರ ಜೋಡಿ ಬಂತು. ಐದು ಜನ, ಪಾಟಿನಲ್ಲಿ 30. ಫ್ಲಾಪ್ ಡೈಮನ್ ರಾಜ, ಕ್ಲಾವರ್ ಗುಲಾಮ, ಡೈಮನ್ ಆರು. ಅದೇ ಅಜ್ಜ, ಆರು ಚಿಪ್ಪನ್ನು ಎರಡು ಬೆರಳಲ್ಲಿ ಇಟ್ಟು ಒತ್ತಿದರು. ಅವರ ಪಕ್ಕದ ಹೆಂಗಸು ರೈಸ್ ಮಾಡಿದರು. ನಾನು ಎಲೆಗಳನ್ನು ಡೀಲರ್ ಕಡೆ ಜಾರಿಸಿದೆ. ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. ಉಳಿದ ಇಬ್ಬರೂ ಬಿಟ್ಟರು. ಅಜ್ಜ ಕಾಲ್ ಮಾಡಿದರು.

ಟರ್ನ್ ಮೂರು. ಹೆಂಗಸು ಬೆಟ್, ಅಜ್ಜ ಕಾಲ್. ರಿವರ್ ನಾಲ್ಕು. ಇಬ್ಬರೂ ಚೆಕ್. ಹೆಂಗಸು ರಾಣಿ-ಹತ್ತು ಬಿಚ್ಚಿದರು. ಅಜ್ಜನದು ಡೈಮನ್ ಎಕ್ಕ, ಡೈಮನ್ ಒಂಬತ್ತು. ಇಬ್ಬರಿಗೂ ಬೇಕಾದದ್ದು ಬಂದಿರಲಿಲ್ಲ. ಬರೀ ಒಂದು ಎಕ್ಕ, ಜೋಡಿ ಕೂಡ ಇಲ್ಲ, 78 ಡಾಲರ್ ಬಳಿದುಕೊಂಡು ಹೋಯಿತು. ನನ್ನ ಎಂಟುಗಳು ಡೀಲರ್ ಮುಂದೆ ಎಸೆದ ಎಲೆಗಳ ರಾಶಿಯಲ್ಲಿ ಬೋರಲು ಬಿದ್ದಿದ್ದವು.

ಭಾನುವಾರ ಮಾವನಿಗೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ಅವರಿಗೆ ಪೋಕರ್ ಗೊತ್ತಿಲ್ಲ. ಆದರೆ ಇಸ್ಪೀಟಿನ ಮಾತು ಅಂದರೆ ಪೂರ್ತಿ ಕೇಳುತ್ತಾರೆ.

"ಅಂದ್ರೆ ನೀನು ಕೂತಿದ್ರೆ ನಿಂದೇ ಆಟ."

"ಹೌದು ಮಾವ."

"ಎಷ್ಟಕ್ಕೆ ಡ್ರಾಪ್ ಮಾಡ್ದೆ?"

"ಆರಕ್ಕೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು.

"ಆರಕ್ಕಾ? ನಮ್ಗೆ ಇಪ್ಪತ್ತು ಬೀಳ್ತಿತ್ತಲ್ಲೋ" ಅಂದರು. "ಭಾರಿ ಅಗ್ಗ ಐತೆ ಬುಡು ನಿಮ್ಮೂರಲ್ಲಿ."